ಗುರ್ಲಹೊಸೂರಿನವರ ಕಬ್ಬಿಣ

ಬೆಳಗಾವಿಯಿಂದ ಪುಣೆಗೆ ಹೊರಟ ರೈಲು ಮಿರಜ, ಸಾಂಗಲಿ ದಾಟಿ ಕಬ್ಬಿನ ಹೊಲಗಳ ನಡುವೆ ಓಡುವಾಗ ಸಣ್ಣದೊಂದು ಸ್ಟೇಷನ್ ಬರುತ್ತದೆ: ಕಿರ್ಲೋಸ್ಕರವಾಡಿ. ಹಳದಿ ಫಲಕದ ಮೇಲೆ ಮನೆತನವೊಂದರ ಅಡ್ಡಹೆಸರೇ ಊರಿನ ಹೆಸರಾಗಿ ನಿಂತಿದೆ. ಈ ಹಳಿಯ ಒಂದು ತುದಿಯಲ್ಲಿ ಆ ಮನೆತನದ ಸೈಕಲ್ ಅಂಗಡಿ ಇತ್ತು, ಇನ್ನೊಂದು ತುದಿಯಲ್ಲಿ ಪುಣೆಯ ಎಂಜಿನ್ ಕಾರ್ಖಾನೆ ಎದ್ದಿತು.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬೈಗೆ ಚಿತ್ರಕಲೆ ಕಲಿಯಲು ಹೋದರು. ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ಹತ್ತದೆ ಕುಂಚ ಬಿಟ್ಟು ಯಂತ್ರಗಳ ನಕ್ಷೆ ಹಿಡಿದರು. ಅಲ್ಲಿ ಕಪ್ಪು ಗೆರೆಯೇ ಸಾಕು. 1888ರಲ್ಲಿ ಅಣ್ಣ ರಾಮಚಂದ್ರರಾಯರ ಜೊತೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು.

ಆ ನೇಗಿಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಜ್ಜನ ಕಾಲದಿಂದ ಮರದ ರಂಟೆ ಹೂಡಿದ ರೈತ ಎದುರಿಗೆ ನಿಂತಿದ್ದಾನೆ. ಕರ್ರಗಿನ, ಭಾರವಾದ ಆ ವಸ್ತುವನ್ನು ಮುಟ್ಟಿ ನೋಡುತ್ತಾನೆ, ಎತ್ತುಗಳ ಕಡೆ ನೋಡುತ್ತಾನೆ, ಒಲ್ಲೆ ಎನ್ನುತ್ತಾನೆ. ಕಬ್ಬಿಣ ತಾಗಿದರೆ ಭೂಮಿತಾಯಿಗೆ ವಿಷವೇರುತ್ತದೆಂಬ ಭಯ ಅವನದು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಈ ಕಂಪನಿಯ ಚರಿತ್ರೆಯಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡವು ಆ ಎರಡು ವರ್ಷಗಳೇ. ರೈತ ಒಪ್ಪುವವರೆಗೆ ಕಾಯಲು ಕಲಿತ ಮೇಲೆ ಉಳಿದದ್ದೆಲ್ಲ ಅವನ ಹೊಲ, ಅವನ ಬಾವಿಯ ಸುತ್ತಲೇ ಬೆಳೆಯಿತು.

ಬೆಳಗಾವಿಯ ಜಾಗ ಪುರಸಭೆಗೆ ಬೇಕಾದಾಗ ಕಾರ್ಖಾನೆ ಎತ್ತಬೇಕಾಯಿತು. ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ್ ಪಂತ್ ಪ್ರತಿನಿಧಿ ಅವರು ಬಡ್ಡಿಯಿಲ್ಲದೆ ಹತ್ತು ಸಾವಿರ ರೂಪಾಯಿ ಸಾಲ ಕೊಟ್ಟು, ಕುಂಡಲ್ ರೋಡ್ ಸ್ಟೇಷನ್ ಬಳಿ 32 ಎಕರೆ ನೆಲ ತೋರಿಸಿದರು. 1910ರ ಆ ನೆಲ ಎಂಥದ್ದು! ಎತ್ತ ನೋಡಿದರೂ ಪಾಪಾಸುಕಳ್ಳಿ, ಕಲ್ಲು, ನಾಗರಹಾವು. ಇಪ್ಪತ್ತೈದು ಕೆಲಸಗಾರರು ಹೆಂಡತಿ ಮಕ್ಕಳೊಂದಿಗೆ ಬಂದಿಳಿದು, ಕಳ್ಳಿ ಕಡಿದು, ಕುಲುಮೆ ಹೂಡಿದರು. ಆ ನೆಲವೇ ಕಿರ್ಲೋಸ್ಕರವಾಡಿಯಾಯಿತು.

ಮೊದಲ ಮಹಾಯುದ್ಧ ಬಂತು, ಕಬ್ಬಿಣವಿಲ್ಲ, ಕಲ್ಲಿದ್ದಲಿಲ್ಲ. ಕಲ್ಲಿದ್ದಲಿನ ಬದಲು ಇದ್ದಿಲು ಸುರಿದರು. ಕೊಲ್ಹಾಪುರದ ಶಾಹೂ ಮಹಾರಾಜರು ಹಳೆಯ ತೋಪುಗಳನ್ನು ಕೊಟ್ಟರು. ಕೋಟೆಯ ಬುರುಜಿನ ಮೇಲೆ ಮಳೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಕಬ್ಬಿಣ ಕುಲುಮೆಯಲ್ಲಿ ಕೆಂಪಾಗಿ, ಕಿತ್ತಳೆಯಾಗಿ, ಕೊನೆಗೆ ನೀರಿನಂತೆ ಹರಿದು ಮರಳಿನ ಅಚ್ಚಿಗೆ ಇಳಿಯುತ್ತದೆ. ಕಿಡಿ ಸಿಡಿಯುತ್ತದೆ, ಮರಳು ಹೊಗೆಯಾಡುತ್ತದೆ. ಆರಿದ ಮೇಲೆ ಅಚ್ಚು ಒಡೆದರೆ ಒಳಗೆ ಬೂದುಬಣ್ಣದ ನೇಗಿಲ ಕುಳ. ಮನಸ್ಸು ತುಂಬಿ ಬರುವ ದೃಶ್ಯ ಅದು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಕಬ್ಬಿನ ಗಾಣ, ನೀರೆತ್ತುವ ಪಂಪು ಬಂದವು. ಅಮೆರಿಕದ ಎಂಐಟಿಯಲ್ಲಿ 1926ರಲ್ಲಿ ಎಂಜಿನಿಯರಿಂಗ್ ಮುಗಿಸಿ ಬಂದ ಮಗ ಶಂತನುರಾವ್ ಮನೆತನದ ಕಬ್ಬಿಣವನ್ನು ಪುಣೆಗೆ ತಂದರು. 1946ರಲ್ಲಿ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್. ಅದೇ ವರ್ಷ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಂಪನಿ. ಹರಿಹರದಲ್ಲಿ ಲೇತು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಇನ್ನೂ ಮೊದಲೇ, 1941ರಲ್ಲಿ ಶುರುವಾಗಿತ್ತು. ಲಕ್ಷ್ಮಣರಾಯರು 1956ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಅವರ ಹಿಂದೆಯೇ ಹಡಪ್ಸರದಲ್ಲಿ, ಕೊಥ್ರೂಡಿನಲ್ಲಿ ಕಾರ್ಖಾನೆಗಳೆದ್ದವು.

ಖಡಕಿಯ ಎಂಜಿನ್ ಏನು ಮಾಡಿತೆಂದು ತಿಳಿಯಲು ಬಾವಿಯ ದಂಡೆಗೆ ಹೋಗಬೇಕು. ಮಟ್ಟಿ ಹೊಡೆದು ನೀರೆತ್ತುತ್ತಿದ್ದ ಎತ್ತುಗಳು ಗೂಟದಲ್ಲಿ ನಿಂತಿವೆ. ಹ್ಯಾಂಡಲ್ ತಿರುವಿದರೆ ಎಂಜಿನ್ನು ಗುಡುಗಿ ಹೊಗೆ ಉಗುಳುತ್ತದೆ, ಡೀಸೆಲ್ ವಾಸನೆಯ ಬೆನ್ನಿಗೇ ಕಾಲುವೆಗೆ ನೀರು ಬೀಳುತ್ತದೆ.

ಮನೆತನ ಈಗ ಕವಲೊಡೆದಿದೆ. ದಾಯಾದಿಗಳ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಕೆಲಸ ಮಾತ್ರ ನಿಂತಿಲ್ಲ. ಎಂಜಿನ್ ತಯಾರಿಕೆ ನಿಪ್ಪಾಣಿಗೆ ಹತ್ತಿರದ ಕಾಗಲಿಗೂ ಬಂದಿದೆ. ಕೊಪ್ಪಳದ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕುಲುಮೆ ಉರಿಯುತ್ತಿದೆ. ಅಲ್ಲಿ ಕರಗಿದ ಕಬ್ಬಿಣ ಟ್ರ್ಯಾಕ್ಟರ್ ಎಂಜಿನ್ನುಗಳ ಬ್ಲಾಕ್ ಆಗಿ ಹೊರಬೀಳುತ್ತದೆ.