ವೆಂಡೆಲ್ ಸ್ಕಾಟ್: ಒಂದು ಗೆಲುವು, 495 ಸ್ಪರ್ಧೆಗಳು

ರೇಸಿಗೆಂದೇ ರೂಪಿಸಿದ ಯಂತ್ರಗಳ ಬದಲು ಸಾರ್ವಜನಿಕರು ಕೊಳ್ಳುವ ಮಾದರಿಯ ಕಾರುಗಳನ್ನೇ ವೇಗಕ್ಕೆ ಹದಗೊಳಿಸಿ, ಹೆಚ್ಚಾಗಿ ಅಂಡಾಕಾರದ ಪಥದಲ್ಲಿ ಓಡಿಸುವ ಸ್ಪರ್ಧೆಯಾಗಿ ಸ್ಟಾಕ್ ಕಾರ್ ರೇಸಿಂಗ್ ಬೆಳೆಯಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೇರೂರಿದ ಈ ಕ್ರೀಡೆಗೆ 1948ರಲ್ಲಿ ಸ್ಥಾಪನೆಯಾದ ನ್ಯಾಸ್ಕಾರ್ ಸಂಸ್ಥೆಯು ಏಕರೂಪದ ನಿಯಮಗಳನ್ನು ಒದಗಿಸಿತು. ಇಂಥ ಕ್ರೀಡೆಯಲ್ಲಿ ಚಾಲಕನ ವೃತ್ತಿಜೀವನವನ್ನು ಟ್ರೋಫಿಗಳ ಎಣಿಕೆಯಿಂದಷ್ಟೇ ಅಳೆಯಲಾಗದು ಎಂಬುದಕ್ಕೆ ವೆಂಡೆಲ್ ಸ್ಕಾಟ್ ಅವರ ಬದುಕು ಪ್ರಬಲ ನಿದರ್ಶನ.

ವರ್ಜೀನಿಯಾದ ಡ್ಯಾನ್‌ವಿಲ್‌ನಲ್ಲಿ 1921ರಲ್ಲಿ ಜನಿಸಿದ ಸ್ಕಾಟ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ಮೆಕ್ಯಾನಿಕ್ ಆಗಿ ದುಡಿದರು. ಊರಿಗೆ ಮರಳಿದ ಬಳಿಕ ಕಳ್ಳಭಟ್ಟಿ ಸಾಗಿಸುತ್ತ, ಪೊಲೀಸರಿಗೆ ಸಿಗದಂತೆ ಕಾರು ಓಡಿಸುವುದನ್ನು ರೂಢಿಸಿಕೊಂಡರು. ಕಪ್ಪುಜನರಿಗೆ ಶಾಲೆ, ಹೋಟೆಲುಗಳಲ್ಲಿಯೂ ಪ್ರತ್ಯೇಕತೆ ವಿಧಿಸಿದ್ದ ಆ ಕಾಲದಲ್ಲಿ, 1952ರಲ್ಲಿ ರೇಸಿಗಿಳಿದ ಅವರು ಕೆಲವು ಕಡೆ ಬಣ್ಣದ ಕಾರಣಕ್ಕೇ ಪ್ರವೇಶ ನಿರಾಕರಣೆಯನ್ನು ಎದುರಿಸಬೇಕಾಯಿತು. ಆದರೂ ಸ್ಥಳೀಯ ಪಥಗಳಲ್ಲಿ ಪಳಗಿ, 1961ರಲ್ಲಿ ನ್ಯಾಸ್ಕಾರ್‌ನ ಅತ್ಯುನ್ನತ ಸರಣಿಯಾಗಿದ್ದ ಗ್ರ್ಯಾಂಡ್ ನ್ಯಾಷನಲ್‌ಗೆ ಕಾಲಿಟ್ಟರು.

1963ರ ಡಿಸೆಂಬರ್ 1ರಂದು ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ, ಅರ್ಧ ಮೈಲಿ ಸುತ್ತಳತೆಯ ಮಣ್ಣಿನ ಪಥದಲ್ಲಿ ನಡೆದ ಸ್ಪರ್ಧೆಯಲ್ಲಿ ಸ್ಕಾಟ್ ಎರಡು ಸುತ್ತುಗಳಷ್ಟು ಮುಂದಿದ್ದರೂ, ಅಧಿಕಾರಿಗಳು ಬಕ್ ಬೇಕರ್ ಅವರನ್ನು ವಿಜೇತರೆಂದು ಸಾರಿ ಟ್ರೋಫಿಯನ್ನು ಅವರಿಗೇ ಕೊಟ್ಟರು. ಸ್ಕಾಟ್ ಆಕ್ಷೇಪಿಸಿದ ಮೇಲೆ ಸುತ್ತುಗಳ ಲೆಕ್ಕವನ್ನು ಮರುಪರಿಶೀಲಿಸಿ ಗೆಲುವು ಅವರದೆಂದು ಒಪ್ಪಿಕೊಳ್ಳುವಷ್ಟರಲ್ಲಿ ಪ್ರೇಕ್ಷಕರು ಚದುರಿಹೋಗಿದ್ದರು. ಆ ಸರಣಿಯಲ್ಲಿ ಕಪ್ಪುವರ್ಣೀಯ ಚಾಲಕರೊಬ್ಬರ ಮೊದಲ ಜಯಕ್ಕೆ ಸಲ್ಲಬೇಕಿದ್ದ ಸಾರ್ವಜನಿಕ ಗೌರವ ಹೀಗೆ ಆ ದಿನವೇ ಕೈತಪ್ಪಿತು.

ಅವರ ಸಾಮರ್ಥ್ಯದ ನಿಜವಾದ ಸಾಕ್ಷ್ಯವಿರುವುದು ಅಂಕಪಟ್ಟಿಯಲ್ಲಿ. ಪ್ರತಿ ಸ್ಪರ್ಧೆಯ ಸ್ಥಾನಕ್ಕೆ ಅನುಗುಣವಾಗಿ ಅಂಕ ನೀಡಿ ಋತುವಿನ ಕೊನೆಯಲ್ಲಿ ಅವುಗಳನ್ನು ಕೂಡಿಸುವ ಪದ್ಧತಿಯಿದ್ದುದರಿಂದ, ಸ್ಪರ್ಧೆಯನ್ನು ಪೂರ್ಣಗೊಳಿಸುವುದೂ ಒಂದು ಸಾಧನೆಯೇ ಆಗಿತ್ತು. ಕಾರು ತಯಾರಕರ ನೆರವಿನ ತಂಡಗಳಿಗೆ ಹೊಸ ಎಂಜಿನ್ನು, ಬಿಡಿಭಾಗಗಳು ಸಲೀಸಾಗಿ ದೊರೆಯುತ್ತಿದ್ದಾಗ, ಸ್ವತಂತ್ರ ಚಾಲಕರಾಗಿದ್ದ ಸ್ಕಾಟ್ ಹಳೆಯ ಕಾರುಗಳನ್ನು ತಾವೇ ದುರಸ್ತಿ ಮಾಡಿಕೊಂಡು, ಸ್ಪರ್ಧೆಯ ನಡುವೆ ಟೈರು ಬದಲಿಸಿ ಪೆಟ್ರೋಲು ತುಂಬುವ ಕೆಲಸವನ್ನು ಮಕ್ಕಳಿಗೆ ವಹಿಸಿ ಕಣದಲ್ಲಿ ಉಳಿದರು. ಎಂಜಿನ್ನು ಕೆಟ್ಟರೆ ಮುಂದಿನ ಸ್ಪರ್ಧೆಯೇ ಕೈತಪ್ಪಬಹುದಾಗಿದ್ದ ಈ ಸ್ಥಿತಿಯಲ್ಲೂ 1966ರಲ್ಲಿ ಅವರು ಒಟ್ಟು ಅಂಕಗಳಲ್ಲಿ ಆರನೆಯ ಸ್ಥಾನ ಪಡೆದರು. ತಾವು ಓಡಿದ 495 ಸ್ಪರ್ಧೆಗಳ ಪೈಕಿ 147ರಲ್ಲಿ ಮೊದಲ ಹತ್ತರೊಳಗೆ ಬಂದರು.

1973ರಲ್ಲಿ ಟ್ಯಾಲಡೇಗಾದ ಸರಣಿ ಅಪಘಾತದಲ್ಲಾದ ತೀವ್ರ ಗಾಯಗಳು ಅವರ ವೃತ್ತಿಜೀವನಕ್ಕೆ ತೆರೆ ಎಳೆದವು. 1990ರಲ್ಲಿ ನಿಧನರಾದ ಅವರಿಗೆ ನ್ಯಾಸ್ಕಾರ್ ತನ್ನ ಹಾಲ್ ಆಫ್ ಫೇಮ್ ಗೌರವ ನೀಡಿದ್ದು 2015ರಲ್ಲಿ. ಜಾಕ್ಸನ್‌ವಿಲ್ ಗೆಲುವಿನ ಟ್ರೋಫಿ ಕುಟುಂಬದ ಕೈಸೇರಿದ್ದು 2021ರಲ್ಲಿ. ಅದೇ ವರ್ಷ ಟ್ಯಾಲಡೇಗಾದಲ್ಲಿ ಬಬ್ಬಾ ವಾಲೆಸ್ ಜಯಿಸುವವರೆಗೆ ನ್ಯಾಸ್ಕಾರ್‌ನ ಅತ್ಯುನ್ನತ ಸರಣಿಯಲ್ಲಿ ಮತ್ತೊಬ್ಬ ಕಪ್ಪುವರ್ಣೀಯ ಚಾಲಕ ಗೆದ್ದಿರಲಿಲ್ಲ ಎಂಬುದನ್ನು ಗಮನಿಸಿದರೆ, ಪ್ರತಿಭೆ ಫಲಿಸಲು ಹಣ, ಯಂತ್ರ ಮತ್ತು ನ್ಯಾಯಯುತ ಅವಕಾಶಗಳೂ ಕೂಡಿಬರಬೇಕೆಂಬುದು ಸ್ಪಷ್ಟವಾಗುತ್ತದೆ. ಇವು ಯಾವುವೂ ಸಾಕಷ್ಟು ಇಲ್ಲದೆಯೇ ಹದಿಮೂರು ಋತುಗಳ ಕಾಲ ದೇಶದ ಶ್ರೇಷ್ಠ ಚಾಲಕರ ಸರಿಸಮಕ್ಕೆ ನಿಂತ ಸ್ಕಾಟ್ ಅವರನ್ನು, ಒಂದೇ ಗೆಲುವಿನ ಚಾಲಕರೆಂದು ಕರೆಯುವುದು ಇತಿಹಾಸಕ್ಕೆ ಸಲ್ಲದ ಮಾತು.