ಕಾರ್ತಹೇನಾ: ಕೋಟೆಯೊಳಗೆ ಎರಡು ದಿನ, ಹೊರಗೆ ಮೂರು ದಿನ

ಕೊಲಂಬಿಯಾಕ್ಕೆ ಹೊರಟಿದ್ದೇನೆ ಎಂದರೆ ನಮ್ಮ ಕಡೆ ಮೊದಲು ಬರುವ ಪ್ರಶ್ನೆ ಒಂದೇ: ‘ಅಲ್ಲಿ ಭಯ ಇಲ್ಲೇನು?’ ವೆಬ್ ಸರಣಿಗಳು ಆ ದೇಶಕ್ಕೆ ತಂದುಕೊಟ್ಟ ಹೆಸರು ಅದು. ಪುಣೆಯ ನಮ್ಮ ಕಂಪನಿಗೆ ರಾಜಧಾನಿ ಬೊಗೊಟಾದಲ್ಲಿ ಒಬ್ಬ ಗ್ರಾಹಕರಿದ್ದಾರೆ. ಪ್ರಾಜೆಕ್ಟ್ ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಅಲ್ಲಿ ಒಂದು ಅನುಕೂಲವಿದೆ. ವಾರದ ನಡುವೆ ಬರುವ ಎಷ್ಟೋ ಹಬ್ಬದ ರಜೆಗಳನ್ನು ಕಾನೂನಿನ ಪ್ರಕಾರವೇ ಮುಂದಿನ ಸೋಮವಾರಕ್ಕೆ ಸರಿಸುತ್ತಾರೆ. ಹೀಗೆ ಸಿಗುವ ಮೂರು ದಿನದ ರಜೆಗೆ ‘ಪುಯೆಂತೆ’ ಎಂದು ಹೆಸರು, ಅಂದರೆ ಸೇತುವೆ. ಅದಕ್ಕೆ ನಮ್ಮ ಲೆಕ್ಕದ ಎರಡು ರಜೆ ಸೇರಿಸಿದರೆ ಐದು ದಿನವಾಯಿತು.

ಆ ಐದು ದಿನವನ್ನು ನಾನು ಕಳೆದದ್ದು ಕೆರಿಬಿಯನ್ ಕಡಲಂಚಿನ ಕಾರ್ತಹೇನಾದಲ್ಲಿ. ಇಂಗ್ಲಿಷ್ ಕಾಗುಣಿತ ನೋಡಿ ನಾವು ‘ಕಾರ್ಟಜೀನಾ’ ಎನ್ನುತ್ತೇವೆ. ಊರಿನವರ ಬಾಯಲ್ಲಿ ಅದು ಕಾರ್ತಹೇನಾ. ಬೊಗೊಟಾದಿಂದ ಒಂದೂವರೆ ಗಂಟೆಯ ವಿಮಾನ. ಅಲ್ಲಿನ ಚಳಿಗೆ ಹಾಕಿಕೊಂಡ ಜಾಕೆಟ್ಟನ್ನು ಇಲ್ಲಿ ಇಳಿಯುವಾಗಲೇ ಕಳಚಬೇಕು. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆ ವರ್ಷವಿಡೀ ಇರುವ ಊರು ಇದು. ಬಂದವರಲ್ಲಿ ಹೆಚ್ಚಿನವರು ಎರಡು ದಿನ ಹಳೆಯ ಪಟ್ಟಣ, ಒಂದು ದಿನ ಬೀಚು ಎಂದು ಮುಗಿಸಿ ಹೊರಡುತ್ತಾರೆ. ಇನ್ನೆರಡು ದಿನ ಇದ್ದರೆ ಏನು ನೋಡಬಹುದು, ಯಾವುದಕ್ಕೆ ಎಷ್ಟು ಸಮಯ ಕೊಡಬಹುದು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಗೋಡೆ ಎದ್ದ ಕಥೆ

1533ರಲ್ಲಿ ಪೆದ್ರೊ ದೆ ಎರೆದಿಯಾ ಎಂಬ ಸ್ಪೇನಿನ ದಂಡನಾಯಕ ಕಟ್ಟಿದ ಊರು ಕಾರ್ತಹೇನಾ. ದಕ್ಷಿಣ ಅಮೆರಿಕದ ಚಿನ್ನ, ಬೆಳ್ಳಿ ಸ್ಪೇನಿಗೆ ಸಾಗುತ್ತಿದ್ದ ದಾರಿಯಲ್ಲಿ ಇದು ಮುಖ್ಯ ಬಂದರು. ಗಂಟು ಇದ್ದಲ್ಲಿಗೆ ಕಳ್ಳರು ಬರದೆ ಇರುತ್ತಾರೆಯೇ? 1586ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಡ್ರೇಕ್ ಊರನ್ನು ಹಿಡಿದು, ಒಂದು ಲಕ್ಷಕ್ಕೂ ಹೆಚ್ಚು ಡುಕಾಟ್ ನಾಣ್ಯ ಕಿತ್ತುಕೊಂಡ ಮೇಲೆಯೇ ಬಿಟ್ಟುಹೋದ. ಪೆಟ್ಟು ತಿಂದ ಸ್ಪೇನ್ ಗೋಡೆ ಕಟ್ಟಲು ಹಿಡಿಯಿತು. ಆ ಕೆಲಸ ಮುಗಿಯಲು ಎರಡು ಶತಮಾನ ಬೇಕಾಯಿತು. ಹನ್ನೊಂದು ಕಿಲೋಮೀಟರಿನಷ್ಟು ಉದ್ದಕ್ಕೆ ಕಟ್ಟಿದ ಈ ಗೋಡೆಯ ಕಲ್ಲುಗಳನ್ನು ಹತ್ತಿರದಿಂದ ನೋಡಿದರೆ ಹವಳದ ಗುರುತು ಕಾಣುತ್ತದೆ. ಕಡಲಿನಿಂದಲೇ ತೆಗೆದ ಕಲ್ಲು ಅದು. 1984ರಲ್ಲಿ ಯುನೆಸ್ಕೊ ಬಂದರು, ಕೋಟೆಗಳು ಮತ್ತು ಸ್ಮಾರಕಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆಯ ಮೇಲೆ ನಡೆಯಲು ಟಿಕೆಟ್ ಇಲ್ಲ. ಸಂಜೆ ಐದಕ್ಕೆ ಹತ್ತಿದರೆ ಕಡಲ ಗಾಳಿಯೂ ಸಿಗುತ್ತದೆ, ಸೂರ್ಯ ಮುಳುಗುವುದೂ ಕಾಣುತ್ತದೆ.

ಗೋಡೆಯಿಂದ ಸ್ವಲ್ಪ ದೂರದಲ್ಲಿ, ಗುಡ್ಡದ ಮೇಲೆ ಸಾನ್ ಫೆಲಿಪೆ ಕೋಟೆ. ಇದಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು; ಮೇಲೆ ನೆರಳೆಂಬುದಿಲ್ಲ. ಒಳಗಿನ ಸುರಂಗಗಳಲ್ಲಿ ನಡೆಯುವಾಗ ಮುಂದೆ ಹೋದವರ ಹೆಜ್ಜೆ ಸಪ್ಪಳ ಬಹಳ ದೂರದಿಂದಲೇ ಕೇಳುತ್ತದೆ. ಶತ್ರು ಒಳನುಗ್ಗಿದರೆ ತಿಳಿಯಲೆಂದೇ ಹಾಗೆ ಕಟ್ಟಿದ್ದು ಎಂದು ಗೈಡ್‌ಗಳು ವಿವರಿಸುತ್ತಾರೆ.

1741ರಲ್ಲಿ ಬ್ರಿಟನ್ನಿನ ಅಡ್ಮಿರಲ್ ವರ್ನನ್ ಸುಮಾರು 180 ಹಡಗುಗಳ ದಂಡು ಕಟ್ಟಿಕೊಂಡು ಬಂದಿದ್ದ. ಎದುರಿಗಿದ್ದವನು ಹಿಂದಿನ ಯುದ್ಧಗಳಲ್ಲಿ ಒಂದು ಕಾಲು, ಒಂದು ಕಣ್ಣು, ಒಂದು ತೋಳಿನ ಬಲ ಕಳೆದುಕೊಂಡಿದ್ದ ಬ್ಲಾಸ್ ದೆ ಲೆಸೊ. ಗೆದ್ದೇಬಿಟ್ಟೆವು ಎಂದುಕೊಂಡ ಇಂಗ್ಲೆಂಡ್, ಲೆಸೊ ಮೊಣಕಾಲೂರಿ ಶರಣಾಗುವ ಚಿತ್ರವಿರುವ ಪದಕಗಳನ್ನೂ ಅಚ್ಚು ಹಾಕಿಸಿತು. ಆದರೆ ಕೋಟೆ ಬೀಳಲಿಲ್ಲ. ಮಳೆ ಮತ್ತು ಹಳದಿ ಜ್ವರ ಸೇರಿ ವರ್ನನ್ ಸೇನೆಯನ್ನು ಮುಗಿಸಿದವು. ಆ ದಂಡಿನಲ್ಲಿದ್ದು ಬದುಕಿ ಉಳಿದವರಲ್ಲಿ ಜಾರ್ಜ್ ವಾಷಿಂಗ್ಟನ್‌ನ ಅಣ್ಣ ಲಾರೆನ್ಸ್ ಕೂಡ ಒಬ್ಬ. ಊರಿಗೆ ಮರಳಿ ತನ್ನ ಜಮೀನಿಗೆ ಸೇನಾಪತಿಯ ಹೆಸರಿಟ್ಟ. ಅಮೆರಿಕದ ಪ್ರಸಿದ್ಧ ‘ಮೌಂಟ್ ವರ್ನನ್’ ಅದೇ.

ಸಿಹಿತಿಂಡಿ ಮಾರುವ ಚೌಕ

ಗಡಿಯಾರ ಗೋಪುರದ ಬಾಗಿಲು ದಾಟಿದರೆ ಸಿಗುವುದು ಪ್ಲಾಸಾ ದೆ ಲೋಸ್ ಕೋಚೆಸ್. ಹಳದಿ ಕಟ್ಟಡಗಳು, ಕಮಾನುಗಳ ಕೆಳಗೆ ಗಾಜಿನ ಭರಣಿಗಳಲ್ಲಿ ಸಿಹಿತಿಂಡಿ. ಎಲ್ಲರೂ ಫೋಟೊ ತೆಗೆಯುವ ಜಾಗ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಜನರನ್ನು ಹರಾಜು ಹಾಕುತ್ತಿದ್ದದ್ದೂ ಇದೇ ಚೌಕದಲ್ಲಿ. ಸ್ಪೇನಿನ ಅಮೆರಿಕ ವಸಾಹತುಗಳಲ್ಲಿ ಗುಲಾಮರ ವ್ಯಾಪಾರಕ್ಕೆ ಅಧಿಕೃತ ಪರವಾನಗಿ ಇದ್ದ ಕೆಲವೇ ಬಂದರುಗಳಲ್ಲಿ ಕಾರ್ತಹೇನಾ ಒಂದು. ಕೋಟೆಯ ಗೋಡೆಗಳನ್ನು ಕಟ್ಟಿದ ಕೈಗಳಲ್ಲಿ ಬಹುಪಾಲು ಅವರವೇ.

ಇಲ್ಲಿಂದ ಐದು ನಿಮಿಷ ನಡೆದರೆ ಸಾನ್ ಪೆದ್ರೊ ಕ್ಲಾವೆರ್ ಚರ್ಚು. 1610ರಲ್ಲಿ ಬಂದ ಈ ಪಾದ್ರಿ, ಹಡಗುಗಳು ಬಂದಾಗಲೆಲ್ಲ ನೀರು, ಹಣ್ಣು, ಔಷಧಿ ಹಿಡಿದು ಹೋಗುತ್ತಿದ್ದ. 1654ರಲ್ಲಿ ಸಾಯುವವರೆಗೂ ಇದೇ ಅವನ ಕೆಲಸ. ತನ್ನನ್ನು ‘ಗುಲಾಮರ ಗುಲಾಮ’ ಎಂದು ಕರೆದುಕೊಂಡ. ಬೊಲಿವಾರ್ ಚೌಕದ ಬಳಿ ಧರ್ಮವಿಚಾರಣೆಯ ನ್ಯಾಯಾಲಯವಿದ್ದ ಅರಮನೆ ಇದೆ, ಈಗ ವಸ್ತುಸಂಗ್ರಹಾಲಯ. ಸಾಹಿತ್ಯದ ಆಸಕ್ತಿ ಇರುವವರು ಲಾ ಮೆರ್ಸೆದ್ ಅಂಗಳಕ್ಕೂ ಹೋಗಬೇಕು. 1948ರಲ್ಲಿ ಇಲ್ಲಿನ ‘ಎಲ್ ಉನಿವೆರ್ಸಲ್’ ಪತ್ರಿಕೆಗೆ ಬರೆಯಲು ಶುರುಮಾಡಿದ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರ ಚಿತಾಭಸ್ಮವನ್ನು ಇಟ್ಟಿರುವುದು ಅಲ್ಲಿ.

ಎರಡನೆಯ ದಿನದ ಸಂಜೆಯನ್ನು ಗೆತ್ಸೆಮಾನಿಗೆ ಕೊಡಿ. ಒಂದು ಕಾಲಕ್ಕೆ ಕುಶಲಕರ್ಮಿಗಳ, ಕೂಲಿಗಳ ಕೇರಿ. 1811ರ ನವೆಂಬರ್ 11ರಂದು ಸ್ವಾತಂತ್ರ್ಯ ಘೋಷಣೆಗೆ ಒತ್ತಾಯಿಸಿ ಬೀದಿಗಿಳಿದವರು ಈ ಕೇರಿಯ ಜನ. ಈಗ ಗೋಡೆ ತುಂಬ ಬಣ್ಣದ ಚಿತ್ರ, ಬೀದಿ ತುಂಬ ಹೋಟೆಲು. ಬಾಡಿಗೆ ಏರಿ ಹಳೆಯ ಮನೆಯವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದಾರೆ. ಆದರೂ ರಾತ್ರಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹರಟೆಗೆ ಕೂರುವ ಅಜ್ಜ, ಅಜ್ಜಿಯರು ಇನ್ನೂ ಕಾಣಸಿಗುತ್ತಾರೆ.

ದ್ವೀಪಕ್ಕೆ ಒಂದು ದಿನ

ರೊಸಾರಿಯೊ ದ್ವೀಪಗಳಿಗೆ ಲಾ ಬೊದೆಗಿತಾ ಕಟ್ಟೆಯಿಂದ ಬೆಳಿಗ್ಗೆ ಬೋಟುಗಳು ಹೊರಡುತ್ತವೆ. ಸುಮಾರು ಒಂದು ಗಂಟೆಯ ದಾರಿ. ಕಟ್ಟೆಯ ಶುಲ್ಕ, ರಾಷ್ಟ್ರೀಯ ಉದ್ಯಾನದ ಶುಲ್ಕ ಟಿಕೆಟ್ಟಿನಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ. ಎಷ್ಟೋ ಬಾರಿ ಸೇರಿರುವುದಿಲ್ಲ. ಮಧ್ಯಾಹ್ನದ ಮೇಲೆ ಅಲೆ ಏಳುವುದರಿಂದ ಬೋಟುಗಳು ಬೇಗನೆ ಮರಳುತ್ತವೆ. ಬೆನ್ನುನೋವು ಇರುವವರು ಬೋಟಿನ ಹಿಂಭಾಗದಲ್ಲಿ ಕೂರುವುದು ಒಳ್ಳೆಯದು.

ಹವಳದ ದಿಬ್ಬಗಳ ನಡುವೆ ಮುಖವಾಡ ಹಾಕಿ ಈಜುವುದು ಇಲ್ಲಿನ ಆಕರ್ಷಣೆ. ಆದರೆ ಹವಳಕ್ಕೆ ಆಪತ್ತು ಬಂದಿದೆ. 1650ರಲ್ಲಿ ಸ್ಪೇನಿನವರು ಮಗ್ದಲೇನಾ ನದಿಯಿಂದ ಕಾರ್ತಹೇನಾದ ಕೊಲ್ಲಿಗೆ ‘ಕನಾಲ್ ದೆಲ್ ದಿಕೆ’ ಎಂಬ ಕಾಲುವೆ ತೋಡಿದರು. ಸರಕು ಸಾಗಣೆಗೆ ಅನುಕೂಲವಾಯಿತು. ಆದರೆ ನದಿಯ ಹೂಳು ಈಗಲೂ ಅದರ ಮೂಲಕ ಬಂದು ಹವಳದ ಮೇಲೆ ಕೂರುತ್ತದೆ. 1977ರಿಂದಲೂ ಇದು ಸಂರಕ್ಷಿತ ಉದ್ಯಾನ. ಹವಳದ ಮೇಲೆ ಕಾಲಿಡದಿರುವುದು, ಹವಳದ ಚೂರು ಕೊಳ್ಳದಿರುವುದು ನಮ್ಮ ಕೈಲಾದ ಕೆಲಸ. ಬಾರೂವಿನ ಪ್ಲಾಯಾ ಬ್ಲಾಂಕಾ ಬೀಚಿಗೆ ರಸ್ತೆಯಲ್ಲೂ ಹೋಗಬಹುದು. ಬಿಳಿ ಮರಳು, ತಿಳಿ ನೀಲಿ ನೀರು ನಿಜ. ರಜಾದಿನದಲ್ಲಿ ಜಾತ್ರೆಯಂಥ ಗದ್ದಲವೂ ನಿಜ. ಮಕ್ಕಳಿದ್ದರೆ ಅದೇ ದಾರಿಯಲ್ಲಿರುವ ರಾಷ್ಟ್ರೀಯ ಪಕ್ಷಿಧಾಮ ಹೆಚ್ಚು ಹಿಡಿಸೀತು.

ಕೆಸರಿನಲ್ಲಿ ಅರ್ಧ ದಿನ

ಈಶಾನ್ಯಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ ಎಲ್ ತೊತುಮೊ ಎಂಬ ಕೆಸರಿನ ಜ್ವಾಲಾಮುಖಿ ಇದೆ. ಎತ್ತರ ಹದಿನೈದು ಮೀಟರ್ ಅಷ್ಟೇ. ದೊಡ್ಡ ಹುತ್ತದ ಹಾಗೆ ಕಾಣುತ್ತದೆ. ಏಣಿ ಹತ್ತಿ ಬಾಯಿಯೊಳಗೆ ಇಳಿದರೆ ಬೆಚ್ಚಗಿನ ಬೂದು ಕೆಸರು. ಮುಳುಗಬೇಕೆಂದರೂ ಮುಳುಗಲಾಗದು, ಮೈ ತಾನೇ ತೇಲುತ್ತದೆ. ಮಾಲೀಸು ಮಾಡುವವರು, ಫೋಟೊ ತೆಗೆದುಕೊಡುವವರು, ಪಕ್ಕದ ಸರೋವರದಲ್ಲಿ ಕೆಸರು ತೊಳೆಯುವ ಹೆಂಗಸರು, ಎಲ್ಲರಿಗೂ ಪ್ರತ್ಯೇಕ ದುಡ್ಡು ಕೊಡಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಮರಳಬಹುದು. ಒಮ್ಮೆ ನಗಲಿಕ್ಕೆ ಚೆನ್ನಾಗಿದೆ. ಸಮಯ ಕಡಿಮೆ ಇದ್ದರೆ ಬಿಡಬೇಕಾದ್ದು ಇದನ್ನೇ.

ಪಲೆಂಕೆಯ ಮಾತು

ಬಿಡಬಾರದ ಜಾಗ ಸಾನ್ ಬಸಿಲಿಯೊ ದೆ ಪಲೆಂಕೆ. ಆಗ್ನೇಯಕ್ಕೆ ಐವತ್ತು ಕಿಲೋಮೀಟರ್ ದೂರದ ಸಣ್ಣ ಹಳ್ಳಿ. ಕಾರ್ತಹೇನಾದಿಂದ ತಪ್ಪಿಸಿಕೊಂಡ ಗುಲಾಮರು ಕಾಡಿನಲ್ಲಿ ಬೇಲಿ ಕಟ್ಟಿಕೊಂಡು ನೆಲೆಸಿದ ಊರುಗಳನ್ನು ಪಲೆಂಕೆ ಎನ್ನುತ್ತಿದ್ದರು. ಅಂಥವರ ನಾಯಕ ಬೆಂಕೊಸ್ ಬಿಯೊಹೊ. ಆತನ ಜೊತೆ ಸ್ಪೇನಿನ ಅಧಿಕಾರಿಗಳು ಒಪ್ಪಂದ ಮಾಡಿಕೊಂಡರು, ಆಮೇಲೆ 1621ರಲ್ಲಿ ಹಿಡಿದು ಗಲ್ಲಿಗೇರಿಸಿದರು. ಜನ ಬಗ್ಗಲಿಲ್ಲ. 1713ರ ಒಪ್ಪಂದದಲ್ಲಿ ಆಳುವವರೇ ಈ ಊರಿನ ಸ್ವಾತಂತ್ರ್ಯವನ್ನು ಒಪ್ಪಿಕೊಳ್ಳಬೇಕಾಯಿತು. ಹಳ್ಳಿಯ ನಡುವೆ ಇರುವ ಬೆಂಕೊಸ್ ಪ್ರತಿಮೆಯ ಕೈಯಲ್ಲಿ ತುಂಡಾದ ಸರಪಳಿ ನೇತಾಡುತ್ತದೆ. ಇಲ್ಲಿ ಊರಿನವರನ್ನೇ ಗೈಡ್ ಆಗಿ ಗೊತ್ತುಮಾಡಿಕೊಳ್ಳಿ. ನಿಮ್ಮ ದುಡ್ಡು ಹಳ್ಳಿಯಲ್ಲೇ ಉಳಿಯುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಭಾಷೆ. ಪಲೆಂಕೆರೊ ಭಾಷೆಯ ಪದಗಳು ಹೆಚ್ಚಾಗಿ ಸ್ಪ್ಯಾನಿಷ್ ಮೂಲದವು, ಜೊತೆಗೆ ಮಧ್ಯ ಆಫ್ರಿಕಾದ ಕಿಕೊಂಗೊ ಭಾಷೆಯವು. ಮಗುವಿಗೆ ‘ಮೊನಾ’, ದನಕ್ಕೆ ‘ಂಗೊಂಬೆ’. ಮುಂದೆ ‘ಮಾ’ ಸೇರಿಸಿದರೆ ಬಹುವಚನ. ಸ್ಪ್ಯಾನಿಷ್‌ನಲ್ಲಿ ನಾನು, ನೀನು, ಅವರು ಎಂದು ಕ್ರಿಯಾಪದ ಬದಲಾಗುತ್ತದೆ, ಇಲ್ಲಿ ಬದಲಾಗುವುದಿಲ್ಲ. ಕಾಲ ತಿಳಿಸಲು ಕ್ರಿಯಾಪದದ ಹಿಂದೆಮುಂದೆ ಒಂದು ಚಿಕ್ಕ ಪ್ರತ್ಯಯ ಬಂದರೆ ಸಾಕು. ಅಂದರೆ ಇದು ಕೆಟ್ಟ ಸ್ಪ್ಯಾನಿಷ್ ಅಲ್ಲ, ತನ್ನದೇ ವ್ಯಾಕರಣವಿರುವ ಭಾಷೆ.

ಕಾರ್ತಹೇನಾದ ಪೇಟೆಗೆ ಮಾತ್ರ ಅದು ಕೆಟ್ಟ ಸ್ಪ್ಯಾನಿಷ್ಷೇ ಆಗಿತ್ತು. ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು ಮಾರಲು ಬರುತ್ತಿದ್ದ ಪಲೆಂಕೆಯ ಹೆಂಗಸರನ್ನು ಜನ ಆಡಿಕೊಂಡು ನಕ್ಕರು. ದುಡಿಯಲು ಹೋದ ಗಂಡಸರಿಗೂ ಅದೇ ಅನುಭವ. ಮಕ್ಕಳಿಗೆ ಈ ಪಾಡು ಬೇಡವೆಂದು ಎಷ್ಟೋ ತಂದೆತಾಯಿ ಮನೆಯಲ್ಲೂ ಸ್ಪ್ಯಾನಿಷ್ ಆಡಲು ಶುರುಮಾಡಿದರು. ಭಾಷೆ ಅಜ್ಜಿಯರ ಬಾಯಿಗಷ್ಟೇ ಉಳಿಯುವ ಹಂತಕ್ಕೆ ಬಂತು. 1980ರ ದಶಕದ ಕೊನೆಯ ಹೊತ್ತಿಗೆ ಊರಿನ ಶಾಲೆಯಲ್ಲಿ ಪಲೆಂಕೆರೊ ಪಾಠ ಬಂತು. ಯುನೆಸ್ಕೊ 2005ರಲ್ಲಿ ಇಲ್ಲಿನ ಸಂಸ್ಕೃತಿಗೆ ಮನ್ನಣೆ ಕೊಟ್ಟಿತು. ನನ್ನನ್ನು ಸುತ್ತಾಡಿಸಿದ ಇಪ್ಪತ್ತರ ಹುಡುಗ ಆ ಭಾಷೆ ಕಲಿತದ್ದು ಶಾಲೆಯಲ್ಲಿ, ತಿದ್ದಿಕೊಂಡದ್ದು ಅಜ್ಜಿಯ ಹತ್ತಿರ. ಅಮ್ಮನಿಗೆ ಅರ್ಥವಾಗುತ್ತದೆ, ಆಡಲು ನಾಚಿಕೆ ಎಂದ.

ಪುಣೆಯ ನಮ್ಮ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳುತ್ತೇನೆ, ಆರು ವರ್ಷದ ಮಗಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ಊರ ಹೊರಗೆ ದುಡಿಯುವ ನಿಮ್ಮಲ್ಲಿ ಹಲವರ ಮನೆಯ ಕಥೆಯೂ ಇದೇ ಇರಬಹುದು. ಕನ್ನಡಕ್ಕೆ ಒಂದು ರಾಜ್ಯವಿದೆ, ಕೋಟಿಗಟ್ಟಲೆ ಜನರಿದ್ದಾರೆ; ಪಲೆಂಕೆಯ ಕಷ್ಟ ಅದಕ್ಕಿಲ್ಲ. ಆದರೆ ಎರಡು ಕೋಣೆಯ ಫ್ಲ್ಯಾಟಿನೊಳಗೆ ಆ ಕೋಟಿ ಜನ ಇರುವುದಿಲ್ಲ, ನಾವು ಇಬ್ಬರೇ. ಅಲ್ಲಿ ಭಾಷೆ ಮರಳಿದ್ದು ಎರಡು ಕಾರಣಕ್ಕೆ: ಶಾಲೆಯಲ್ಲಿ ಒಂದು ಪೀರಿಯಡ್ ಇತ್ತು, ಮನೆಯಲ್ಲಿ ಅಜ್ಜಿ ಇದ್ದಳು. ನಮ್ಮ ಪಾಲಿಗೆ ಮೊದಲನೆಯದು ಕನ್ನಡ ಸಂಘದ ಭಾನುವಾರದ ತರಗತಿ. ಎರಡನೆಯದು ಗದಗದಲ್ಲಿರುವ ನಮ್ಮ ಅವ್ವ. ಈ ಬೇಸಿಗೆ ರಜೆ ಪೂರ್ತಿ ಮಗಳು ಅಲ್ಲಿಯೇ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.

ಪಲೆಂಕೆಯ ಡೋಲು ಕೇಳುವಾಗ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಯರ ಡಮಾಮಿ ನೆನಪಾಯಿತು. ಪೋರ್ಚುಗೀಸರ ಹಡಗುಗಳು ಆಫ್ರಿಕಾದ ಜನರನ್ನು ಈ ಕಡಲಿಗೂ ಸಾಗಿಸಿದವು, ನಮ್ಮ ಪಶ್ಚಿಮ ಕರಾವಳಿಗೂ ತಂದವು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲಿ ಅವರ ಹಳ್ಳಿಗಳಿವೆ. ಇಷ್ಟು ದೂರ ಬಂದು ಪಲೆಂಕೆ ನೋಡುವವರು ಅಲ್ಲಿಯೂ ಒಮ್ಮೆ ಇಳಿಯಬಹುದು.

ಹೊರಡುವ ಮುನ್ನ

ಮಳೆ ಕಡಿಮೆ ಇರುವ ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಅಕ್ಟೋಬರ್‌ನಲ್ಲಿ ಮಳೆ ಜೋರು, ಆದರೆ ಪಲೆಂಕೆಯ ಡೋಲು ಉತ್ಸವವೂ ಆಗಲೇ. ಸಸ್ಯಾಹಾರಿಗಳು ತೆಂಗಿನ ಹಾಲಿನ ಅನ್ನ, ಎರಡು ಸಲ ಕರಿದ ಬಾಳೆಕಾಯಿ ‘ಪತಕೋನ್’, ಕರಿದ ಮರಗೆಣಸು, ಅವರೆ ಜಾತಿಯ ಕಾಳಿನ ಪಲ್ಯದಲ್ಲಿ ದಿನ ಕಳೆಯಬಹುದು; ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ’ (ಮಾಂಸ ಬೇಡ, ಮೀನು ಬೇಡ) ಎಂಬ ಮಾತು ಕಲಿತಿರಿ. ಪಲೆಂಕೆಯ ಹೆಂಗಸರು ಮಾರುವ ‘ಅಲೆಗ್ರಿಯಾ’ ತಪ್ಪದೆ ತಿನ್ನಿ: ಸಿರಿಧಾನ್ಯದ ಅರಳು, ಬೆಲ್ಲ, ಕೊಬ್ಬರಿ, ಸೋಂಪು. ನಾಗರಪಂಚಮಿಯ ಅಳ್ಳಿನ ಉಂಡಿಯ ತಂಗಿ ಅದು. ಅವರ ಫೋಟೊ ತೆಗೆಯುವ ಮೊದಲು ಕೇಳಿ, ದುಡ್ಡು ಕೊಡಿ. ಅದು ಅವರ ದುಡಿಮೆ.

ಭಾರತೀಯರಿಗೆ ವೀಸಾ ಬೇಕು. ಅಮೆರಿಕ ಅಥವಾ ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಷರತ್ತಿನ ಮೇಲೆ ವಿನಾಯಿತಿ ಇದೆ. ಟಿಕೆಟ್ ಕೊಳ್ಳುವ ಮೊದಲು ರಾಯಭಾರ ಕಚೇರಿಯ ಜಾಲತಾಣ ನೋಡಿ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡು, ಅದರ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ಅದಿಲ್ಲದೆ ಕೊಲಂಬಿಯಾದಿಂದ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.