ಗೆಲ್ಲು ಉಳಿದರೆ ಮಲ್ಲಿಗೆ ಉಳಿದೀತು

ನಮ್ಮ ಶಂಕರಪುರ ಮಲ್ಲಿಗೆಯನ್ನು ಬೀಜದಿಂದ ಬೆಳೆಸುವುದಿಲ್ಲ ಎಂದರೆ ಪೇಟೆಯಿಂದ ಬಂದವರು ಥಟ್ಟನೆ ನಂಬುವುದಿಲ್ಲ. ಇಷ್ಟೊಂದು ಹೂ ಬಿಡುವ ಗಿಡ ಕಾಯಿ ಕಟ್ಟುವುದು ತೀರಾ ಅಪರೂಪ. ನಮ್ಮ ಹಿತ್ತಲಲ್ಲಂತೂ ನಾನು ಒಂದು ಕಾಯನ್ನೂ ಕಂಡಿಲ್ಲ. ಇಲ್ಲಿರುವ ಗಿಡಗಳೆಲ್ಲ ಇನ್ಯಾವುದೋ ಗಿಡದ ಗೆಲ್ಲಿನಿಂದ ಬಂದವು. ತವರಿನಿಂದ ಮಗಳ ಮನೆಗೆ, ನೆರೆಮನೆಯಿಂದ ನಮ್ಮನೆಗೆ ಹೀಗೆ ಕೈ ದಾಟಿಯೇ ಅವು ಹಬ್ಬಿದ್ದು. ಹಕ್ಕಿ ಬೀಜ ತಂದು ಹಾಕೀತು, ಯಾವುದಾದರೂ ಗುಡ್ಡೆಯಲ್ಲಿ ತಾನಾಗಿ ಉಳಿದೀತು ಎನ್ನುವ ಹಾಗಿಲ್ಲ. ಮನೆಯವರು ನೋಡಿಕೊಂಡರೆ ಉಂಟು, ಕೈಬಿಟ್ಟರೆ ಇಲ್ಲ.

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು ಸಿಗುತ್ತದೆ. ಇಲ್ಲಿ ಮಲ್ಲಿಗೆಗೆ ಎಕರೆಗಟ್ಟಲೆ ತೋಟ ಬೇಕಾಗಿಲ್ಲ. ಮನೆಯ ಹಿಂದಿನ ಐದು-ಹತ್ತು ಸೆಂಟ್ಸ್ ಜಾಗ, ನೀರು ಬಸಿದು ಹೋಗುವ ಮುರಕಲ್ಲಿನ ಮಣ್ಣು, ದಿನವಿಡೀ ಬಿಸಿಲು ಇಷ್ಟಿದ್ದರೆ ಸಾಕು. ಹಟ್ಟಿಗೊಬ್ಬರದ ಜೊತೆಗೆ ನೆಲಗಡಲೆ ಹಿಂಡಿಯನ್ನು ನೀರಲ್ಲಿ ಕೊಳೆಸಿ ಬುಡಕ್ಕೆ ಹಾಕುತ್ತೇವೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಹೇಳಿಕೊಟ್ಟ ಮೊದಲ ಪಾಠ ನೀರಿನದ್ದು: “ನೋಡು ಮಗಾ, ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಆ ಗಿಡ ಹೋಯಿತು ಅಂತಲೇ ಲೆಕ್ಕ.” ಬೇರು ಕೊಳೆತ ಗಿಡದ ಎಲೆ ಹಳದಿಯಾಗಿ, ಕೆಲವೇ ದಿನಗಳಲ್ಲಿ ಬುಡಸಮೇತ ಒಣಗುತ್ತದೆ. ಆ ರೋಗ ಪಕ್ಕದ ಗಿಡಕ್ಕೂ ದಾಟುತ್ತದೆ.

ಮುಂಜಾನೆ, ಮೊಗ್ಗು ಬಿರಿಯುವ ಮೊದಲೇ ಕೊಯ್ಯಬೇಕು. ಆಮೇಲೆ ಮನೆಯ ಹೆಂಗಸರು, ಮಕ್ಕಳು, ಅಜ್ಜಿಯಂದಿರೆಲ್ಲ ಜಗಲಿಯಲ್ಲಿ ಕೂತು ಒದ್ದೆ ಬಾಳೆನಾರಿನಲ್ಲಿ ಕಟ್ಟುತ್ತಾರೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದಂದಿನ ದರ ಅಂದಂದೇ ಗೊತ್ತಾಗುತ್ತದೆ. ಅಟ್ಟೆಗೆ 2,100 ರೂಪಾಯಿ ಮುಟ್ಟಿದ ದಿನಗಳೂ ಇವೆ, ಕೆಲವೇ ನೂರಕ್ಕೆ ಇಳಿದ ದಿನಗಳೂ ಇವೆ. ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಗೆ, ನಾಗನಿಗೆ, ಭೂತಕೋಲಕ್ಕೆ, ಕಟೀಲಿನ ಅಮ್ಮನಿಗೆ, ಇಗರ್ಜಿಯ ಮದುವೆಗೆ, ಬ್ಯಾರಿ ಮದುಮಗಳ ಜಡೆಗೆ ಎಲ್ಲಕ್ಕೂ ಇದೇ ಹೂ. ಈ ದುಡ್ಡಿನಿಂದ ಹೆಣ್ಣುಮಕ್ಕಳು ಶಾಲೆಯ ಫೀಸು ಕಟ್ಟಿದ್ದನ್ನು, ಕಿವಿಗೆ ಚಿನ್ನ ಮಾಡಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸಸ್ಯಶಾಸ್ತ್ರದವರಿಗೆ ಇದು ಜಾಸ್ಮಿನಮ್ ಸಂಬಾಕ್. ಈ ಜಾತಿಯ ಹೂವೇ 1934ರಿಂದ ಫಿಲಿಪ್ಪೀನ್ಸಿನ ರಾಷ್ಟ್ರಪುಷ್ಪ. ಚೀನಾದ ಮಲ್ಲಿಗೆ ಚಹಾಕ್ಕೆ ಪರಿಮಳ ಕೊಡುವುದೂ ಇದೇ. ಹಾಗಾಗಿ ಜಾತಿ ಅಳಿಯುವ ಭಯವಿಲ್ಲ. ನನಗಿರುವುದು ನಮ್ಮ ತಳಿಯ ಚಿಂತೆ. ಈ ಮಣ್ಣಿಗೆ, ಈ ಕಡಲ ಗಾಳಿಗೆ ಒಗ್ಗಿದ, ನಮ್ಮ ಹಿರಿಯರು ಒಳ್ಳೆಯ ಗಿಡವನ್ನೇ ನೋಡಿ ನೋಡಿ ಗೆಲ್ಲು ಮುರಿದು ನೆಟ್ಟು ಉಳಿಸಿಕೊಂಡ ತಳಿ ಇದು. ಮೈಸೂರು, ಹಡಗಲಿ ಮಲ್ಲಿಗೆಗಳ ಹಾಗೆ ನಮ್ಮ ಮಲ್ಲಿಗೆಗೂ ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಸಂತೋಷವೇ. ಆದರೆ ಆ ಪತ್ರ ಹೆಸರಿಗೆ ಕಾವಲು. ಗಿಡ ನೆಡಲು ಜಾಗ ಅದರಿಂದ ಸಿಗುವುದಿಲ್ಲ.

ಹೋಗುತ್ತಿರುವುದು ಆ ಜಾಗವೇ. ಪಾಲಾದ ಹಿತ್ತಿಲು ಸೈಟಾಗುತ್ತದೆ. ಹೊಸ ಮನೆಯ ಸುತ್ತ ಇಂಟರ್‌ಲಾಕ್ ಹಾಕಿದರೆ ಮಣ್ಣೇ ಕಾಣುವುದಿಲ್ಲ. ಮಕ್ಕಳು ಬೆಂಗಳೂರಿಗೋ ದುಬಾಯಿಗೋ ಹೋದ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಉಳಿದು, ಬಗ್ಗಿ ಕೊಯ್ಯಲಾಗದೆ, ಹತ್ತಿಪ್ಪತ್ತು ವರ್ಷದ ಬುಡಗಳನ್ನು ಕಡಿಸುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಜೆಸಿಬಿ ಬರುವ ಮುಂಚೆ ಆ ಗಿಡದಿಂದ ನಾಲ್ಕು ಗೆಲ್ಲು ಯಾರಿಗಾದರೂ ಕೊಟ್ಟಿದ್ದರೆ ಎಂದು ಪ್ರತಿ ಸಲವೂ ಸಂಕಟವಾಗುತ್ತದೆ.

ಗೆಲ್ಲು ನೆಡುವುದು ಕಷ್ಟದ ಕೆಲಸವಲ್ಲ. ಎಳತೂ ಅಲ್ಲದ, ತೀರಾ ಬಲಿತೂ ಇಲ್ಲದ ಕಡ್ಡಿ ಬೇಕು, ಮೂರು-ನಾಲ್ಕು ಗಂಟು ಇರಬೇಕು. ಕೆಳಗಿನ ಎಲೆ ತೆಗೆದು, ತುದಿಯನ್ನು ಓರೆಯಾಗಿ ಕತ್ತರಿಸಿ, ಎರಡು ಗಂಟು ಮಣ್ಣಿನೊಳಗೆ ಹೋಗುವ ಹಾಗೆ ಊರಿ, ಬುಡ ಗಟ್ಟಿಯಾಗಿ ಒತ್ತಬೇಕು. ನೆರಳಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ಗಂಟಿನಿಂದ ಮೊದಲು ತಿಳಿಹಸಿರು ಚಿಗುರು ಕಾಣಿಸುತ್ತದೆ. ಆಗ ಖುಷಿಯಿಂದ ಕಿತ್ತು ನೋಡಬಾರದು. ಬೇರು ಇಳಿಯಲು ಇನ್ನೂ ಸಮಯ ಬೇಕು. ಅಂಗಳ ಇಲ್ಲದವರು ಟೆರೇಸಿನಲ್ಲಿ ಕುಂಡ, ಗ್ರೋಬ್ಯಾಗ್ ಇಟ್ಟು ಬೆಳೆಯುತ್ತಿದ್ದಾರೆ. ಬಿಸಿಲು ಚೆನ್ನಾಗಿ ಬೀಳುವುದರಿಂದ ಹೂವೂ ಚೆನ್ನಾಗಿಯೇ ಬರುತ್ತದೆ.

ಪಂಚಾಯಿತಿಗೊಂದು ತಾಯಿಗಿಡಗಳ ತೋಟ ಇರಬೇಕು ಎಂಬುದು ನನ್ನ ಬಹುದಿನದ ಆಸೆ. ಬೇರೆ ಬೇರೆ ಮನೆಯ ಹಳೆಯ ಗಿಡಗಳಿಂದ ಗೆಲ್ಲು ತಂದು, ಯಾವ ಮನೆಯದ್ದು ಎಂದು ಬರೆದಿಟ್ಟು, ರೋಗವಿಲ್ಲದ ಸಸಿ ಮಾಡಿ ಹಂಚಬೇಕು. ಸಲಹೆಗೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರವಿದೆ, ಕೆಲಸ ಗೊತ್ತಿರುವ ಕೈಗಳು ಊರಲ್ಲೇ ಇವೆ. ಆ ಕೈಗಳಿಗೆ ವಯಸ್ಸಾಗುತ್ತಿದೆ ಎಂಬುದನ್ನು ಮಾತ್ರ ಮರೆಯಬಾರದು.

ಅಲ್ಲಿಯವರೆಗೆ ಓದುಗರಲ್ಲಿ ನನ್ನದೊಂದು ವಿನಂತಿ. ಮಳೆ ಹಿಡಿದ ಕೂಡಲೇ, ಪರಿಚಯದ ಬೆಳೆಗಾರರ ಮನೆಗೆ ಹೋಗಿ ಎರಡು ಗೆಲ್ಲು ಕೇಳಿ. ಹಿತ್ತಿಲಲ್ಲಿ ಹಳೆಯ ಗಿಡವಿದ್ದು ಮನೆ ಕಟ್ಟಲು ಹೊರಟಿದ್ದರೆ, ಕಡಿಸುವ ಮೊದಲು ಅಕ್ಕಪಕ್ಕದವರಿಗೆ ಒಂದು ಮಾತು ತಿಳಿಸಿ.